ಗಾಜಿನ ಕಡ್ಡಿಯ ಸಾಕ್ಷಿ

ನಮ್ಮ ವಂಶದಲ್ಲಿ ಹೆಂಡದ ವಾಸನೆ ಕಂಡವರಿಲ್ಲವೆಂಬ ಜಂಬದಲ್ಲಿಯೇ ಅರವತ್ತೆಂಟು ವರ್ಷ ಕಳೆದ ನಾನು, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ, ಮಗನ ಅಡಿಗೆಮನೆಯಲ್ಲಿ, ಬೀರಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆನೆಂದರೆ ನೀವು ನಂಬಲಾರಿರಿ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನ ಮೇರೆಗೆ ಮನೆಯ ಉಪಯೋಗಕ್ಕೆ ಬೀರು ಮಾಡುವುದು ತಪ್ಪಲ್ಲವೆಂದು ಮಗ ಉಪದೇಶಿಸಿದ್ದ. ಕಾನೂನಿಗೆ ತಪ್ಪಲ್ಲ, ಅವನ ತಾಯಿಗೆ ತಪ್ಪು. ಆಕೆ ಅಂದು ಆ ಕಡೆ ತಲೆ ಹಾಕಲಿಲ್ಲ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಬಸಿದು, ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿದ್ದಾಯಿತು. ನೋಟಕ್ಕೆ ನಮ್ಮ ಕಷಾಯವೇ. ಸಕ್ಕರೆ ಎಷ್ಟು ಇಳಿದಿದೆಯೆಂದು ತಿಳಿಯಲು ಅದರಲ್ಲಿ ಹೈಡ್ರಾಮೀಟರನ್ನು ತೇಲಿಬಿಡಬೇಕು. ಬರಿಯ ನೀರಿನಲ್ಲಿ 1.000 ತೋರಿಸುವ ಗಾಜಿನ ಕಡ್ಡಿ ಇಲ್ಲಿ 1.050 ತೋರಿಸಬೇಕಾಗಿತ್ತು. ತೋರಿಸಿದ್ದು 1.034. ಮಗನ ಮುಖ ಬಾಡಿತು. ಬಾರ್ಲಿ ಹಳೆಯದು, ಅಂಗಡಿಯವನು ಮೋಸಗಾರ ಎಂದು ಅಪರಾಧಿಗಳ ಪಟ್ಟಿ ಬೆಳೆಯಿತು. ಕೊನೆಗೆ ಸಕ್ಕರೆ ಡಬ್ಬಿಗೆ ಕೈಹಾಕಿದ.

"ತಾಳಪ್ಪ" ಎಂದೆ. ಕಷಾಯ ಇನ್ನೂ 60 ಡಿಗ್ರಿ ಸೆಂಟಿಗ್ರೇಡ್ ಇತ್ತು. ಕಡ್ಡಿಗೆ ಗುರುತು ಹಾಕಿದ್ದು 15.6 ಡಿಗ್ರಿಗೆ. ಬಿಸಿಯಾದ ದ್ರವ ಹಿಗ್ಗಿ ಹಗುರಾಗುತ್ತದೆ, ಕಡ್ಡಿ ಹೆಚ್ಚು ಮುಳುಗುತ್ತದೆ. ಅಳೆಯುವ ಕೊಳವೆಯನ್ನು ತಣ್ಣೀರಿನಲ್ಲಿಟ್ಟು ಅರ್ಧ ಗಂಟೆ ಕಾದೆವು. 1.049.

"ಇದು ನಿಮಗೆ ಹೇಗೆ ಗೊತ್ತು, ಅಪ್ಪ?"

"ಹಾಲಿನಿಂದ" ಎಂದೆ. ಉಳಿದದ್ದನ್ನು ಹೇಳಲಿಲ್ಲ.

ಮೈಸೂರಿನಲ್ಲಿ ನಾನು ಹೊಸದಾಗಿ ಸಂಸಾರ ಹೂಡಿದ ಕಾಲ. ಹಿಂದಿನ ಬೀದಿಯ ಮುದುಕಿಯೊಬ್ಬಳು ಕರೆದ ಹಾಲನ್ನು ಬಿಸಿ ಆರುವ ಮೊದಲೇ ತಂದು ಹಾಕುತ್ತಿದ್ದಳು. ನಾನೊಂದು ಲ್ಯಾಕ್ಟೋಮೀಟರು ಕೊಂಡೆ. ಒಳ್ಳೆಯ ಹಾಲಿಗೆ 30ರ ಆಸುಪಾಸು ಬರಬೇಕು, ಬಂದದ್ದು 25. "ನೀರು ಹಾಕಿಲ್ಲ ಬುದ್ಧೀ, ಮಕ್ಕಳಾಣೆ" ಎಂದಳು. "ಗಾಜು ಸುಳ್ಳು ಹೇಳುವುದಿಲ್ಲ" ಎಂದೆ, ಅಕ್ಕಪಕ್ಕದವರಿಗೆ ಕೇಳಿಸುವಂತೆ. ಅವಳು ತಂಬಿಗೆ ಎತ್ತಿಕೊಂಡು ಹೋದಳು. ತಿಂಗಳ ಬಾಕಿ ಕೇಳಲೂ ಬರಲಿಲ್ಲ.

ಲ್ಯಾಕ್ಟೋಮೀಟರಿನ ಡಬ್ಬಿಯಲ್ಲಿ ಮಡಿಸಿಟ್ಟಿದ್ದ ಕಾಗದವನ್ನು ನಾನು ಓದಿದ್ದು ಎರಡು ವರ್ಷದ ಮೇಲೆ. ಹಾಲು ತಣಿದ ಮೇಲೆ ಅಳೆಯತಕ್ಕದ್ದು ಎಂದು ಮೊದಲ ಸಾಲಿನಲ್ಲಿಯೇ ಇತ್ತು. ಆಗತಾನೆ ಕರೆದ ಹಾಲಿನ ಗಾಳಿಗುಳ್ಳೆಗಳೂ ಅಂಕಿಯನ್ನು ತಗ್ಗಿಸುತ್ತವೆಯಂತೆ. ಬಾಕಿ ಹಣ ಹಿಡಿದು ಹಿಂದಿನ ಬೀದಿಗೆ ಹೋದೆ. ಕೊಟ್ಟಿಗೆಯಿದ್ದಲ್ಲಿ ಯಾರೋ ಪಾಯ ತೋಡಿಸುತ್ತಿದ್ದರು.

ಇತ್ತ ಬೀರು ಎರಡು ವಾರ ಹುದುಗಿತು. 1.012ಕ್ಕೆ ಇಳಿಯಬೇಕಾದದ್ದು 1.017ರಲ್ಲಿ ನಿಂತಿತ್ತು. ಸಕ್ಕರೆ ಉಳಿದಿದ್ದರೆ ಸೀಸೆಗೆ ತುಂಬಿದ ಮೇಲೂ ಹುದುಗಿ, ಸೀಸೆಯೇ ಸಿಡಿಯಬಹುದು. ಮಗ ಈ ಸಲ ಯಾರನ್ನೂ ಬೈಯಲಿಲ್ಲ, ಬಗ್ಗಿ ನೋಡಿದ. ಕಡ್ಡಿಗೆ ಸಣ್ಣ ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆತ್ತಿದ್ದವು. ಗುಳ್ಳೆ ಹೋಗಬೇಕಾದರೆ ಎರಡು ಲೋಟಗಳಲ್ಲಿ ಎತ್ತಿ ಹೊಯ್ಯಬೇಕು. ಆ ವಿದ್ಯೆ ನಮ್ಮವರಿಗೆ ಹೇಳಿಕೊಡಬೇಕೆ? ನಾನೇ ಹೊಯ್ದೆ, ಮೊಳದುದ್ದ. 1.012. ಎರಡು ದಿನ ಬಿಟ್ಟು ನೋಡಿದಾಗಲೂ ಅದೇ.

ಅಷ್ಟರಲ್ಲಿ ಬಾಗಿಲಲ್ಲಿ ನನ್ನಾಕೆ.

"ಅಯ್ಯೋ ರಾಮ! ಅದು ನಾನು ಮೈಸೂರಿನಿಂದ ತಂದ ಕಾಫಿ ಲೋಟ!"