ಓಡಿಸುವವರು ಯಾರ ಪೈಕಿ?

2023ರ ಆಗಸ್ಟ್ 31. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಮೊದಲ ಪ್ರಯಾಣಿಕರ ವಿಮಾನ ಬಂದ ದಿನ. ಹೊಸನಗರ ಕಡೆಯ ನಮ್ಮ ಕೇರಿಯಿಂದ ಐದಾರು ಜನ ಬಸ್ಸು ಹತ್ತಿ ಸೋಗಾನೆಗೆ ಹೋಗಿದ್ದೆವು. ಕಾಂಪೌಂಡಿನ ಆಚೆ ನಿಂತು ನೋಡಿದೆವು. ವಿಮಾನ ಇಳಿಯಿತು. ಹುಡುಗರು ಶಿಳ್ಳೆ ಹೊಡೆದರು. ಅಪ್ಪ ಮಾತ್ರ ಕೇಳಿದ: "ಅಲ್ಲಾ, ಇದನ್ನ ಓಡ್ಸೋರು ಯಾರ ಪೈಕಿ?"

ಈ ಪ್ರಶ್ನೆ ನಮಗೆ ಹೊಸದಲ್ಲ. ಸಾಗರಕ್ಕೆ ಹೋಗಲಿ, ತೀರ್ಥಹಳ್ಳಿಗೆ ಹೋಗಲಿ, ಊರು ಯಾವುದೆಂದು ಕೇಳಿದವರು ಆಮೇಲೆ ಕೇಳುವುದೇ ಇದನ್ನು. ಉತ್ತರ ಹೇಳಿದ ಮೇಲೆ ಎದುರಿನವರ ದನಿ ಬದಲಾದದ್ದನ್ನು ಕಂಡವರು ನಾವು. ಜನ್ಮವಿಡೀ ಆ ಪ್ರಶ್ನೆಗೆ ಉತ್ತರ ಕೊಟ್ಟ ಅಪ್ಪ, ಅವತ್ತು ತಾನೇ ಆಕಾಶಕ್ಕೆ ಆ ಪ್ರಶ್ನೆ ಹಾಕಿದ್ದ.

ಅಪ್ಪ ಕೊನೆಗಾರ. ಬೇರೆಯವರ ತೋಟದಲ್ಲಿ ಅಡಿಕೆ ಕೊನೆ ತೆಗೆಯುವವನು. ಕಾಲಿಗೆ ತಳೆ ಹಾಕಿ ತುದಿ ಮುಟ್ಟಿ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವವನು. ಮಳೆಗಾಲಕ್ಕೆ ಮುಂಚೆ ಕೊಟ್ಟೆ ಕಟ್ಟಲಿಕ್ಕೂ ಅವನೇ. ಅವನೂ ಆಕಾಶದಲ್ಲೇ ದುಡಿದವನು. ಆದರೆ ಎಷ್ಟು ಗಂಟೆ ದುಡಿದ ಎಂದು ಯಾರೂ ಬರೆದಿಟ್ಟಿಲ್ಲ.

ಪೈಲಟ್ಟಿನ ಬದುಕು ಹಾಗಲ್ಲ. ಅವನ ಒಂದೊಂದು ಗಂಟೆಯೂ ಲಾಗ್‌ಬುಕ್ಕಿಗೆ ಏರುತ್ತದೆ. ವಾಣಿಜ್ಯ ಲೈಸೆನ್ಸಿಗೆ 200 ಗಂಟೆ, ಕ್ಯಾಪ್ಟನ್ ಆಗುವ ಲೈಸೆನ್ಸಿಗೆ 1,500 ಗಂಟೆ. ಕೆಲಸ ಸಿಕ್ಕ ಮೇಲೂ ಪರೀಕ್ಷೆ ತಪ್ಪುವುದಿಲ್ಲ. ಕಣ್ಣು, ಕಿವಿ, ಎದೆ ತೋರಿಸುತ್ತಲೇ ಇರಬೇಕು. ಬೆಂಕಿ ಬಿದ್ದರೆ, ಎಂಜಿನ್ ನಿಂತರೆ ಏನು ಮಾಡುತ್ತೀಯ ಎಂದು ಮತ್ತೆ ಮತ್ತೆ ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡುತ್ತಾರೆ. ಇದು ನ್ಯಾಯ. ಜನರ ಜೀವ ಅವನ ಕೈಯಲ್ಲಿದೆ. ನಮ್ಮ ತಕರಾರು ಪರೀಕ್ಷೆಯ ಮೇಲಲ್ಲ, ಪರೀಕ್ಷೆಯವರೆಗೆ ಹೋಗುವ ದಾರಿಯ ಮೇಲೆ.

ಗಂಟೆ ಎಣಿಸಿದ ಮೇಲೂ ಮೋಸ ನಡೆಯುತ್ತದೆ. ಅಮೆರಿಕದಲ್ಲಿ ಮಾರ್ಲನ್ ಗ್ರೀನ್ ಎಂಬ ಕರಿಯ ಪೈಲಟ್ ಇದ್ದ. ವಾಯುಸೇನೆಯಲ್ಲಿ ವಿಮಾನ ಓಡಿಸಿ, 1957ರಲ್ಲಿ ಅಲ್ಲಿಂದ ಹೊರಬಂದು ಕಾಂಟಿನೆಂಟಲ್ ಏರ್‌ಲೈನ್ಸಿಗೆ ಅರ್ಜಿ ಹಾಕಿದ. ಜನಾಂಗದ ಕಾಲಮ್ಮನ್ನು ಖಾಲಿ ಬಿಟ್ಟ, ಫೋಟೊ ಅಂಟಿಸಲಿಲ್ಲ. ಕರೆ ಬಂತು. ಮುಖ ಕಂಡ ಮೇಲೆ ಕೆಲಸ ಬರಲಿಲ್ಲ. ಅವನಿಗಿಂತ ಕಡಿಮೆ ಗಂಟೆ ಹಾರಿದ್ದ ಬಿಳಿಯರಿಗೆ ಸಿಕ್ಕಿತು. ಅವನು ಸುಮ್ಮನಾಗಲಿಲ್ಲ. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವನ ಪರ ನಿಂತಿತು. 1965ರಲ್ಲಿ ಅದೇ ಕಂಪನಿಯ ವಿಮಾನದ ಸೀಟಿನಲ್ಲಿ ಅವನು ಕೂತ. ಎಂಟು ವರ್ಷ ನೆಲದ ಮೇಲೆ ನಡೆದ ಆ ಹೋರಾಟವನ್ನು ಯಾವ ಲಾಗ್‌ಬುಕ್ಕೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗೆಳೆಯರೇ, ನಮ್ಮ ಕಡೆ ಮುಖ ನೋಡುವ ತನಕವೂ ನಾವು ಹೋಗುವುದಿಲ್ಲ. ಬಾಗಿಲಿಗೇ ಹತ್ತಾರು ಲಕ್ಷದ ಬೀಗ. ಲೈಸೆನ್ಸಿಗೆ ಅಷ್ಟು ಸುರಿಯಬೇಕು. ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗ ಮೀಸಲಾತಿಯ ನಿಯಮವಾದರೂ ಇತ್ತು. 2022ರ ಜನವರಿ 27ರಂದು ಅದು ಟಾಟಾ ಕೈಗೆ ಹೋಯಿತು, ನಿಯಮವೂ ಹೋಯಿತು. ಇನ್ನು ಬಡವರಿಗೆ ಉಳಿದ ದಾರಿ ವಾಯುಸೇನೆ. ಅಲ್ಲಿ ಮೀಸಲಾತಿ ಇಲ್ಲ, ಆದರೆ ಕಲಿಸಲು ಕಾಸು ಕೇಳುವುದಿಲ್ಲ. ಬೀದರಿನಲ್ಲಿ ಜೆಟ್ ಪಳಗಿಸುತ್ತಾರೆ, ಯಲಹಂಕದಲ್ಲಿ ಸಾಗಣೆ ವಿಮಾನ. ಸೇವೆ ಮುಗಿಸಿದ ಎಷ್ಟೋ ಜನ ಆಮೇಲೆ ಪ್ರಯಾಣಿಕರ ವಿಮಾನ ಹತ್ತುತ್ತಾರೆ.

ಈ ದಾರಿ ನಮಗೆ ಯಾರೂ ಹೇಳಲಿಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು, "ಮುಂದೆ ಏನಾಗ್ತೀರೋ?" ಅಂದರು. ನಾವು "ಪೈಲೆಟ್ ಸಾ" ಅಂದೆವು. "ಮೊದ್ಲು ನಿಮ್ಮಪ್ಪನ ಹಂಗೆ ಮರ ಹತ್ತೋದು ಕಲಿ" ಅಂದರು. ಕ್ಲಾಸೆಲ್ಲ ನಕ್ಕಿತು. ನಾವೂ ನಕ್ಕೆವು. ಆ ನಗುವೇ ಇವತ್ತಿಗೂ ನಮ್ಮನ್ನು ಸುಡುವುದು. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡೆವು. ಭೌತಶಾಸ್ತ್ರ, ಗಣಿತ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನಾವು ಬಿ.ಎ. ಮುಗಿಸಿದ್ದೆವು.

ನಮ್ಮ ಚಿಕ್ಕಪ್ಪನ ಮಗಳು ಮೋಸ ಹೋಗಲಿಲ್ಲ. ಸೈನ್ಸ್ ಓದಿ, ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮಾಡಿ, ಈಗ ವಾಯುಸೇನೆಯ ಪರೀಕ್ಷೆಗೆ ಅರ್ಜಿ ತುಂಬಿದ್ದಾಳೆ. ಪಾಸಾದರೆ ಆಯ್ಕೆ ಮಂಡಳಿ ಮುಂದೆ ಐದು ದಿನ ಇಂಗ್ಲಿಷಿನಲ್ಲಿ ಮಾತಾಡಬೇಕು. ಪೈಲಟ್ ಆಯ್ಕೆಯ ಯಂತ್ರದ ಪರೀಕ್ಷೆ ಒಂದಿದೆ. ಅದು ಜನ್ಮಕ್ಕೆ ಒಂದೇ ಸಲ. ಫೇಲಾದರೆ ಮತ್ತೆ ಕೂರುವಂತಿಲ್ಲ. ವಿಡಿಯೋ ಗೇಮಿನ ಕೋಲು ಹಿಡಿದು ಬೆಳೆದ ಮಕ್ಕಳಿಗೂ ಒಂದೇ ಸಲ, ಕತ್ತಿ ಹಿಡಿದು ಸೊಪ್ಪು ಕೊಯ್ದವಳಿಗೂ ಒಂದೇ ಸಲ. ಇದನ್ನೇ ಸಮಾನತೆ ಎನ್ನುತ್ತಾರೆ.

ಹೆದರಿ ಕೂತವಳಿಗೆ ಅಪ್ಪ ಹೇಳಿದ: "ಮುಂದಿನ್ ಮರ ಕೈಗೆ ಸಿಕ್ಕೋ ತಂಕ ಈ ಮರ ಬಿಡಬಾರ್ದು ಮಗಾ. ಸಿಕ್ಕಿದ್ಮೇಲೆ ಮಾತ್ರ ಅನುಮಾನ ಮಾಡಬಾರ್ದು."

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಕೇರಿಯ ಮಗು "ಪೈಲೆಟ್" ಅಂದರೆ ನಗಬೇಡಿ. ಗಣಿತ ಬಿಡಬೇಡ ಅನ್ನಿ. ದಾರಿ ಹೇಳಿ. ಅವಳು ಗೆಲ್ಲುತ್ತಾಳೋ ಸೋಲುತ್ತಾಳೋ, ಅವಳ ಹಿಂದೆ ಇನ್ನಷ್ಟು ಮಕ್ಕಳು ಮರದ ಬುಡದಲ್ಲಿ ನಿಂತಿದ್ದಾರೆ.

ಒಂದು ದಿನ ಸೋಗಾನೆಯ ಕಾಂಪೌಂಡಿನ ಆಚೆ ನಿಂತವರು ಯಾರಾದರೂ ಅಪ್ಪನ ಪ್ರಶ್ನೆ ಕೇಳಿದರೆ, "ನಮ್ಮ ಪೈಕಿ" ಎಂದು ಹೇಳಬೇಕು ನಾವು. ದನಿ ತಗ್ಗಿಸದೆ ಹೇಳಬೇಕು.