ಹದಿಮೂರು ವಾರಗಳ ಬಿಡಾರ

2023ರ ಬೇಸಿಗೆಯಲ್ಲಿ ನಾವು ದಂಪತಿಗಳಿಬ್ಬರೂ ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊ ನಗರದಲ್ಲಿ ಮಗನ ಮನೆಯಲ್ಲಿದ್ದೆವು. ಜುಲೈ ತಿಂಗಳಲ್ಲಿ ನಮ್ಮ ಮನೆಯವರಿಗೆ ನ್ಯುಮೋನಿಯಾ ತಗುಲಿ 5 ರಾತ್ರಿ ಆಸ್ಪತ್ರೆಯಲ್ಲಿರಬೇಕಾಯಿತು. ಅವುಗಳಲ್ಲಿ 3 ರಾತ್ರಿ ಅವರನ್ನು ನೋಡಿಕೊಂಡವರು ಐವತ್ತು ದಾಟಿದ ಒಬ್ಬ ದಾದಿ. ಸಂಜೆ ಏಳಕ್ಕೆ ಬಂದರೆ ಬೆಳಗಿನ ಏಳರವರೆಗೆ ಅವರ ಪಾಳಿ. ನಡುರಾತ್ರಿ ಔಷಧ ಕೊಡುವಾಗ ದೀಪ ಹಾಕದೆ, ಕೈಬ್ಯಾಟರಿಗೆ ಅಂಗೈ ಮರೆಮಾಡಿ ಅಷ್ಟೇ ಬೆಳಕಿನಲ್ಲಿ ಕೆಲಸ ಮುಗಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನಮಗೂ ಒಂದು ಹೊದಿಕೆ ಹೊದಿಸಿ ಹೋಗುತ್ತಿದ್ದರು.

ಮೂರನೆಯ ಬೆಳಗ್ಗೆ ಗಾಳಿಗೆಂದು ಹೊರಬಂದ ನಾವು ಕಾರು ನಿಲ್ಲಿಸುವ ಬಯಲಿನ ಮೂಲೆಯಲ್ಲಿ ಅದೇ ತಾಯಿಯನ್ನು ಕಂಡೆವು. ಒಂದು ಎತ್ತರದ ಬಿಳಿಯ ವ್ಯಾನಿನ ಬಾಗಿಲು ತೆರೆದು, ಪಾದರಕ್ಷೆಗಳನ್ನು ಹೊಸ್ತಿಲಲ್ಲಿ ಬಿಟ್ಟು, ಒಳಹೊಕ್ಕು ಪರದೆ ಎಳೆದುಕೊಂಡರು. ಆ ಕ್ಷಣದಲ್ಲಿ ನಮ್ಮ ಮನಸ್ಸಿಗೆ ಬಂದ ವಿಚಾರವನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಮನೆಮಠವಿಲ್ಲದವರ ಕೈಗೆ ರೋಗಿಯನ್ನು ಒಪ್ಪಿಸಿದೆವಲ್ಲ ಎಂದು ಅಳುಕಿದೆವು. ಮಠದ ಪ್ರಸಾದನಿಲಯದಲ್ಲಿ ಒಂದು ಚಾಪೆ, ಒಂದು ಟ್ರಂಕಿನೊಡನೆ 12 ವರ್ಷ ಬೆಳೆದವರು ನಾವು. ನಮಗೇ ಆ ಮಾತು ಹೊಳೆಯಿತೆಂದರೆ ಏನು ಹೇಳುವುದು! ಮಗನೊಡನೆ ಹೇಳಿದಾಗ ಅವನು, "ಅಪ್ಪಾಜಿ, ಅವರು ಟ್ರಾವೆಲ್ ನರ್ಸು. ಅವ್ವನನ್ನೇ ಕೇಳಿರಿ, ಅವರಿಗೆ ಎಲ್ಲವೂ ಗೊತ್ತು" ಎಂದನು. ತಮಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿಯೇ ನಮ್ಮ ಮನೆಯವರು ಆ ತಾಯಿಯ ಮನೆವಾರ್ತೆಯನ್ನೆಲ್ಲ ಆಗಲೇ ಕೇಳಿಕೊಂಡಿದ್ದರು.

ಅವರ ಊರು ಓಕ್ಲಹೋಮ ರಾಜ್ಯದ ಒಂದು ಸಣ್ಣ ಪಟ್ಟಣ. ಅಲ್ಲಿ ಸ್ವಂತ ಮನೆಯಿದೆ, ಮನೆಯ ಮೇಲೆ ಸಾಲವಿದೆ, ಮನೆಯೊಳಗೆ ಎಂಬತ್ತು ದಾಟಿದ ತಾಯಿ ಇದ್ದಾರೆ. ಸಮೀಪದಲ್ಲಿರುವ ತಂಗಿ ಬಂದು ನೋಡಿಕೊಳ್ಳುತ್ತಾರೆ. ಊರಿನ ಸಂಬಳದಲ್ಲಿ ಸಾಲ ತೀರದು. ಕ್ಯಾಲಿಫೋರ್ನಿಯಾದಲ್ಲಿ ದಾದಿಯರ ವೇತನ ಆ ದೇಶದಲ್ಲಿಯೇ ಹೆಚ್ಚು. ಒಬ್ಬ ದಾದಿಗೆ ಎಷ್ಟು ರೋಗಿಗಳೆಂಬುದನ್ನು ಕಾಯಿದೆಯಿಂದಲೇ ಗೊತ್ತುಮಾಡಿದ ರಾಜ್ಯವೂ ಅದು. 1999ರಲ್ಲಿ ಒಪ್ಪಿಗೆ ಪಡೆದ ಈ ಕಾಯಿದೆಯ ನಿಯಮಗಳು 2004ರಿಂದ ಜಾರಿಯಲ್ಲಿವೆ. ತೀವ್ರನಿಗಾ ಘಟಕದಲ್ಲಿ 2 ರೋಗಿಗಳಿಗೆ ಒಬ್ಬರು, ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬರು ಇರಲೇಬೇಕು. ಖಾಯಂ ಸಿಬ್ಬಂದಿ ಸಾಲದಾದಾಗ ಹೊರಗಿನಿಂದ ಕರೆಸಿಕೊಳ್ಳುವುದು ಅನಿವಾರ್ಯ. ಕರಾರು ಸಾಮಾನ್ಯವಾಗಿ 13 ವಾರಗಳದು. ಹದಿಮೂರು ವಾರಕ್ಕೆಂದು ಮನೆ ಬಾಡಿಗೆಗೆ ಕೊಡುವವರು ವಿರಳ, ಕೊಟ್ಟರೂ ಕೈಸುಡುವ ಬಾಡಿಗೆ. ಮೇಲಾಗಿ ಆಸ್ಪತ್ರೆಯವರು ನಡುವೆಯೇ ಕರಾರು ರದ್ದು ಮಾಡಿದರೆ ಬಾಡಿಗೆಯ ಹಣ ಹೋದಂತೆಯೇ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಇಂಥ ದಾದಿಯರ ಸಂಬಳ ಹಲವು ಪಟ್ಟು ಏರಿ ಆಮೇಲೆ ಇಳಿಯಿತು. ಆ ಏರಿದ ಸಂಬಳದಲ್ಲಿ ಅವರು ಕೊಂಡದ್ದೇ ಈ ವ್ಯಾನು.

ಇದರಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಂಗತಿಯೊಂದುಂಟು. ದಾದಿಗೆ ವೇತನದ ಜೊತೆಗೆ ವಸತಿಗೆಂದೂ ಊಟಕ್ಕೆಂದೂ ಭತ್ಯೆ ಸಿಗುತ್ತದೆ. ಅದಕ್ಕೆ ತೆರಿಗೆ ಬೀಳಬಾರದಾದರೆ, ಬೇರೊಂದು ಊರಿನಲ್ಲಿ ಖಾಯಂ ನೆಲೆಯಿರಬೇಕು, ಅದರ ಖರ್ಚನ್ನು ತಾವೇ ಹೊರುತ್ತಿರಬೇಕು, ಒಂದೇ ಕಡೆಯ ಕೆಲಸ ಒಂದು ವರ್ಷವನ್ನು ಮೀರಬಾರದು. ನೆಲೆಯಿಲ್ಲದವರು ಅಲ್ಲಿನ ತೆರಿಗೆಯ ಪರಿಭಾಷೆಯಲ್ಲಿ 'ಅಲೆಮಾರಿ'. ಅವರ ಭತ್ಯೆಯೆಲ್ಲವೂ ತೆರಿಗೆಗೆ ಒಳಪಟ್ಟ ಆದಾಯ. ಹೀಗಾಗಿ ತಾವು ವಾಸಿಸದ ಮನೆಗೆ ಆ ತಾಯಿ ತಿಂಗಳು ತಿಂಗಳು ಹಣ ಕಟ್ಟುತ್ತಾರೆ, ಕಟ್ಟುವುದಕ್ಕಾಗಿ ವ್ಯಾನಿನಲ್ಲಿ ವಾಸಿಸುತ್ತಾರೆ. ನಮ್ಮಲ್ಲಿ ಸಂಚಾರದಲ್ಲಿಯೇ ಬಾಳುವವರಿಗೆ ಪೂಜ್ಯವಾದೊಂದು ಹೆಸರಿದೆ. ಅದನ್ನು ಇಲ್ಲಿಗೆ ಎಳೆದು ತರುವ ಚಪಲವನ್ನು ನಾವು ತಡೆದುಕೊಳ್ಳುತ್ತೇವೆ. ಅವರು ವೈರಾಗ್ಯದಿಂದ ಹೊರಟವರಲ್ಲ.

ನಮ್ಮ ಮನೆಯವರು ಗುಣವಾಗಿ ಬಂದ ಮುಂದಿನ ಭಾನುವಾರ ಆ ತಾಯಿಯನ್ನು ಊಟಕ್ಕೆ ಕರೆದರು. ಒಲೆಯ ಮುಂದೆ ನಿಂತಿದ್ದುದಕ್ಕೆ ಮೊದಲು ಬೈಸಿಕೊಂಡದ್ದೂ ಅವರೇ! ಊಟವಾದ ಮೇಲೆ ವ್ಯಾನಿನ ಒಳಗನ್ನು ತೋರಿಸಿದರು. ಅಡ್ಡಲಾಗಿ ಒಂದು ಮಂಚ, ಅದರ ಕೆಳಗೆ ನೀರಿನ ಪೀಪಾಯಿ, ಒಂದೇ ಉರಿಯ ಒಲೆ, ಮುಚ್ಚಳವಿರುವ ಸಣ್ಣ ಶೌಚಪೆಟ್ಟಿಗೆ, ಇಸ್ತ್ರಿ ಮಾಡಿದ 3 ಜೊತೆ ಸಮವಸ್ತ್ರ. ಸ್ನಾನಕ್ಕೆ ಚಂದಾ ಕಟ್ಟಿದ ವ್ಯಾಯಾಮಶಾಲೆಯೇ ಗತಿ. ವಾರದ 3 ಪಾಳಿಗಳು ಮುಗಿದವೆಂದರೆ ಸಿಯೆರಾ ಬೆಟ್ಟಗಳ ಸರಕಾರಿ ಅರಣ್ಯದತ್ತ ಹೊರಡುತ್ತಾರೆ. ಅಲ್ಲಿ ಬಾಡಿಗೆಯಿಲ್ಲದೆ ತಂಗಬಹುದು; ಆದರೆ ಸಾಮಾನ್ಯವಾಗಿ 14 ದಿನಗಳ ಮಿತಿಯುಂಟು.

ಅವರ ಕಷ್ಟವಿರುವುದು ಹಗಲಿನ ನಿದ್ದೆಯಲ್ಲಿ. ಸ್ಯಾಕ್ರಮೆಂಟೊದ ಜುಲೈ ಹಗಲು 40 ಡಿಗ್ರಿ ಮುಟ್ಟುವುದುಂಟು. ಥೇಟು ನಮ್ಮ ರಾಯಚೂರಿನ ಏಪ್ರಿಲ್. ಸಂಜೆ ಸಮುದ್ರದ ಕಡೆಯಿಂದ ತಂಗಾಳಿ ಬಂದು ಊರೆಲ್ಲ ತಂಪಾಗುವ ಹೊತ್ತಿಗೆ ಅವರು ಪಾಳಿಗೆ ಹೊರಟಿರುತ್ತಾರೆ. ವ್ಯಾನಿನ ಛಾವಣಿಯ ಮೇಲೆ ಸೌರಫಲಕಗಳಿವೆ. ಅವುಗಳಿಂದಲೇ ಬ್ಯಾಟರಿ ತುಂಬಿ ಛಾವಣಿಯ ಪಂಖ ತಿರುಗಬೇಕು. ವ್ಯಾನನ್ನು ಬಿಸಿಲಿಗೆ ನಿಲ್ಲಿಸಿದರೆ ಬ್ಯಾಟರಿ ತುಂಬುತ್ತದೆ, ಮಲಗಿದವರು ಬೇಯುತ್ತಾರೆ. ನೆರಳಿಗೆ ನಿಲ್ಲಿಸಿದರೆ ಮಲಗಲಾದೀತು, ಪಂಖ ನಿಲ್ಲುತ್ತದೆ. ಹೀಗೆ ಅರೆನಿದ್ದೆಯಲ್ಲಿ ಎದ್ದು ಎರಡು ಸಲ ವ್ಯಾನಿನ ಜಾಗ ಬದಲಿಸಿದವರು ಅದೇ ರಾತ್ರಿ 5 ರೋಗಿಗಳಿಗೆ ಔಷಧದ ಅಳತೆ ತಪ್ಪದಂತೆ ಕೊಡಬೇಕು. ಇದನ್ನು ಕೇಳಿ ನಮ್ಮ ಮನೆಯವರು, "ಹಗಲಿಗೆ ನಮ್ಮಲ್ಲಿಯೇ ಬಂದು ಮಲಗವ್ವಾ" ಎಂದು ಕನ್ನಡದಲ್ಲಿಯೇ ಹೇಳಿಬಿಟ್ಟರು. ಮಗ ಅನುವಾದಿಸಿದನು. ಮನೆಯೊಳಗೆ ಮಲಗಲು ಆ ತಾಯಿ ಒಪ್ಪಲಿಲ್ಲ. ಮನೆಯ ಮುಂದಿನ ಕಾರಿನ ಜಾಗದಲ್ಲಿ ವ್ಯಾನು ನಿಲ್ಲಿಸಿ, ಒಳಗಿನಿಂದ ಒಂದು ವಿದ್ಯುತ್ ತಂತಿ ಎಳೆದುಕೊಳ್ಳಲು ಮಾತ್ರ ಒಪ್ಪಿದರು. ಸಣ್ಣದೊಂದು ಹವಾನಿಯಂತ್ರಕ ತಂದಿಟ್ಟರು.

ಎಂಟು ಹಗಲು ಅವರು ಸುಖವಾಗಿ ಮಲಗಿದರು. ನಾವು ಅತ್ತ ಗಟ್ಟಿಯಾಗಿ ಮಾತನಾಡದಂತೆ ಮೊಮ್ಮಕ್ಕಳನ್ನು ಕಾಯುತ್ತಿದ್ದೆವು. ಒಂಬತ್ತನೆಯ ದಿನ ಬಡಾವಣೆಯ ನಿವಾಸಿಗಳ ಸಂಘದಿಂದ ಪತ್ರ ಬಂತು: ಮನೆಯ ಮುಂದೆ ವಾಹನದಲ್ಲಿ ವಾಸಿಸುವುದು ನಿಯಮಕ್ಕೆ ವಿರುದ್ಧ. ಮಗ ಜಗಳಕ್ಕೆ ನಿಂತನು. ಆ ತಾಯಿ ಬೇಡವೆಂದು, ತಂತಿಯನ್ನು ಒಪ್ಪವಾಗಿ ಸುತ್ತಿಟ್ಟು ಹೊರಟುಹೋದರು. ಪತ್ರ ಬರೆದವರ ಮೇಲೆ ನಮಗೂ ಸಿಟ್ಟು ಬಂತು. ಆಸ್ಪತ್ರೆಯ ಬಯಲಿನಲ್ಲಿ ನಿಂತು ನಾವು ಅಳುಕಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆವು.

ಅಕ್ಟೋಬರಿನಲ್ಲಿ ಅವರ ಕರಾರು ಮುಗಿಯಿತು. ಊಟದ ಡಬ್ಬಿ ಹಿಂತಿರುಗಿಸಲು ಬಂದವರು ಓಕ್ಲಹೋಮಕ್ಕೆ ಹೊರಟಿದ್ದರು. ನಮ್ಮ ಮನೆಯವರು ಅದೇ ಡಬ್ಬಿಗೆ ಶೇಂಗಾ ಹಿಂಡಿ ತುಂಬಿ ಕೊಟ್ಟು, ಮನೆಯಲ್ಲಿ ಎಷ್ಟು ದಿನ ಇರುವಿರೆಂದು ಕೇಳಿದರು. ಹನ್ನೊಂದು ದಿನವಂತೆ, ಆಮೇಲೆ ಚಳಿಗಾಲಕ್ಕೆ ಅರಿಜೋನಾ. ಹನ್ನೊಂದು ದಿನವಾದರೂ ನೆಟ್ಟಗೆ ನಿದ್ದೆ ಮಾಡಿರೆಂದಾಗ ಆ ತಾಯಿ ನಕ್ಕು, ತಮ್ಮ ಕೋಣೆಯಲ್ಲಿ ಈಗ ನಿದ್ದೆಯೇ ಬಾರದೆಂದೂ ತಾಯಿ ಮಲಗಿದ ಮೇಲೆ ಸದ್ದಿಲ್ಲದೆ ಅಂಗಳದ ವ್ಯಾನಿಗೆ ಹೋಗಿ ಮಲಗುವುದಾಗಿಯೂ ಹೇಳಿದರು. ತಾಯಿಗೆ ಇದು ತಿಳಿಯದು.

ನಮ್ಮ ಮನೆಯವರು ನಮ್ಮತ್ತ ನೋಡಿದರು. ಪ್ರಸಾದನಿಲಯದಿಂದ ರಜೆಗೆ ಊರಿಗೆ ಹೋದಾಗ, ಅವ್ವ ಹಾಸಿದ ಹಾಸಿಗೆಯಲ್ಲಿ ನಿದ್ದೆ ಬಾರದೆ, ಅವಳ ಕಣ್ಣು ತಪ್ಪಿಸಿ ಚಾಪೆ ಎತ್ತಿಕೊಂಡು ಕಟ್ಟೆಗೆ ಹೋಗಿ ಮಲಗುತ್ತಿದ್ದುದನ್ನು ನಾವು ಮದುವೆಯಾದ ಹೊಸತರಲ್ಲಿ ಅವರಿಗೆ ಹೇಳಿದ್ದೆವು.