ಲಾಸ್ಟ್ ಎಷ್ಟು?

ಅಂಗಡಿಯಲ್ಲಿ ರೇಟು ಕಡಿಮೆ ಮಾಡಿ ಅಂತ ಕೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಯಾರನ್ನು ಕೇಳುತ್ತಾರೆ ಅನ್ನುವುದು ನೋಡಿ, ಅಲ್ಲಿ ಮೈ ಉರಿಯುತ್ತದೆ.

ಬೊಮ್ಮನಹಳ್ಳಿ ಬಿಟ್ಟು ಬೇಗೂರಿನ ಕಡೆ ಬಂದರೆ ರಸ್ತೆಯ ಎರಡೂ ಮಗ್ಗುಲು ಅಂಗಡಿಗಳೇ. ಬೇಕರಿ, ಮೆಡಿಕಲ್, ಮೊಬೈಲು, ಹಾರ್ಡ್‌ವೇರು, ನಡುನಡುವೆ ಎ.ಸಿ. ಹಾಕಿಸಿಕೊಂಡು ದೊಡ್ಡವಾದ ಜವಳಿ ಅಂಗಡಿಗಳು. ಇಂಥದೊಂದರಲ್ಲಿ ಕೌಂಟರಿನ ಆಚೆ ರಾಯಚೂರು ಕಡೆಯ ಹುಡುಗಿ. ಈಚೆ ಕೂತವರ ಕೊರಳಲ್ಲಿ ಕಂಪನಿಯ ಟ್ಯಾಗು, ಬೆರಳಲ್ಲಿ ಗಿರಗಿರ ತಿರುಗುವ ಕಾರಿನ ಕೀ.

"ಲಾಸ್ಟ್ ಎಷ್ಟು?"

"ಫಿಕ್ಸೆಡ್ ರೇಟ್ ರೀ ಸರ್."

"ಅದು ಬೋರ್ಡಿಗೆ. ನಮಗೆ ಎಷ್ಟು?"

"ಸಿಸ್ಟಮ್ ತಗೊಳಂಗಿಲ್ರೀ."

ಈ ಕಾಲದಲ್ಲಿ ಅಂಗಡಿಯೊಳಗೆ ಆಡುವ ಮಾತುಗಳಲ್ಲಿ ಇದರಷ್ಟು ಸತ್ಯವಾದದ್ದು ಇನ್ನೊಂದಿಲ್ಲ. ಬಾರ್‌ಕೋಡಿಗೆ ಕೆಂಪು ಬೆಳಕು ತಾಗಿಸಿದ ಮೇಲೆ ಪರದೆಯಲ್ಲಿ ಮೂಡುವ ಅಂಕಿಯನ್ನು ಅಲ್ಲಾಡಿಸುವ ಅಧಿಕಾರ ಅವಳಿಗಿಲ್ಲ. ಆದರೂ ಆಟ ಮುಂದುವರಿಯಬೇಕು. ಆನ್‌ಲೈನಿನಲ್ಲಿ ಮುನ್ನೂರು ಕಡಿಮೆ ಇದೆ ಎಂದು ಫೋನು ಅವಳ ಮುಖಕ್ಕೆ ಹಿಡಿದದ್ದಾಯಿತು. "ನಿಮ್ಮ ಓನರ್ ನನಗೆ ಚೆನ್ನಾಗಿ ಗೊತ್ತಮ್ಮ" ಎಂದದ್ದಾಯಿತು. ಓನರ್ ಯಾರೆಂದು ಪಾಪ ಅವಳಿಗೇ ಗೊತ್ತಿರಲಿಕ್ಕಿಲ್ಲ. ಕೊನೆಗೆ ಮೂವತ್ತು ಸೀರೆ ಬಿಚ್ಚಿಸಿ, "ಮನೇಲಿ ಕೇಳ್ಕೊಂಡು ಬರ್ತೀವಿ" ಎಂದು ಎದ್ದು ಹೋದರು. ಮಡಿಕೆಗಳು ತಪ್ಪಿದ ಮೂವತ್ತು ಸೀರೆಗಳನ್ನು ಮತ್ತೆ ಮಡಿಚಿಡುವ ಕೆಲಸಕ್ಕೆ ಯಾವ ಬಿಲ್ಲೂ ಇಲ್ಲ.

ಇದೇ ಮಹಾಶಯರು ಅಕ್ಷಯನಗರದ ಕಡೆಯಲ್ಲೋ ಯಲೇನಹಳ್ಳಿಯಲ್ಲೋ ಫ್ಲ್ಯಾಟು ಕೊಳ್ಳುವಾಗ ಕಾರು ನಿಲ್ಲಿಸಲು ಇಷ್ಟು, ಕ್ಲಬ್ ಹೌಸಿಗೆ ಇಷ್ಟು, ಮಹಡಿ ಮೇಲೇರಿದಂತೆ ಚದರಡಿಗೆ ಇಷ್ಟು ಎಂದು ಬರೆದುಕೊಟ್ಟ ಹಾಳೆಗೆ ತುಟಿ ಬಿಚ್ಚದೆ ಸಹಿ ಹಾಕಿದವರು. ಆಸ್ಪತ್ರೆಯ ಬಿಲ್ಲಿನ ಎದುರಿಗಂತೂ ಕಾಲೇಜು ಹುಡುಗನಂತೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಅವರ ಶೌರ್ಯವೆಲ್ಲ ತಿಂಗಳ ಸಂಬಳದ ಹುಡುಗಿಯ ಮುಂದೆ.

ಶೌರ್ಯ ಎಂದ ಮೇಲೆ ಬೇಗೂರಿನ ಕಲ್ಲು ನೆನಪಾಗದಿರುವುದು ಹೇಗೆ? ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಆಸುಪಾಸಿನ ಗಂಗರ ಕಾಲದ ಶಾಸನವಿದೆ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಅದರಲ್ಲಿ, ಅದೂ ಒಂದು ಕಾಳಗದ ಜೊತೆಗೆ. ನಾಗತ್ತರನ ಮಗ ಬುಟ್ಟಣಸೆಟ್ಟಿ ಅದರಲ್ಲಿ ಸತ್ತ. ಕಾಳಗ ಯಾತಕ್ಕಾಯಿತೆಂದು ಕಲ್ಲು ಹೇಳುವುದಿಲ್ಲ. ರೇಟಿನ ವಿಚಾರವೇ ಇರಬೇಕೆಂದು ನನ್ನ ಗುಮಾನಿ.

ಚೌಕಾಸಿ ಕೆಟ್ಟದ್ದಲ್ಲ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ, ಸೇರಿಗೆ ಹೇಳಿದ ದುಡ್ಡು ಮರುಮಾತಿಲ್ಲದೆ ಕೊಟ್ಟು ಬಂದವನನ್ನು ಕಡಲೆಕಾಯಿ ಮಾರುವವನೇ ಅನುಮಾನದಿಂದ ನೋಡುತ್ತಾನೆ. ಅವನು ಹೇಳುವುದು, ನಾವು ಇಳಿಸುವುದು, "ಗಿಟ್ಟಲ್ಲ ಸಾಮಿ" ಅನ್ನುವುದು, ನಾವು ನಾಲ್ಕು ಹೆಜ್ಜೆ ಮುಂದೆ ಹೋಗುವುದು, ಹಿಂದಿನಿಂದ ಕರೆ ಬರುವುದು. ಅಳೆದಾದ ಮೇಲೆ ಕೊಸರು ಎಂದು ಒಂದು ಹಿಡಿ ಚೀಲಕ್ಕೆ ಬೀಳಬೇಕು. ಕಾಯಿ ಅವನದು, ಕೈ ಅವನದು, ನಷ್ಟವೂ ಅವನದು. ಆದ್ದರಿಂದ ಕೊಟ್ಟರೂ ಘನತೆ, ಕೊಡದಿದ್ದರೂ ಘನತೆ.

ಕಾನೂನಿನದೂ ತಕರಾರಿಲ್ಲ. ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ. ಅದಕ್ಕಿಂತ ಮೇಲೆ ಮಾರಿದರೆ ತಪ್ಪು, ಕೆಳಗೆ ಮಾರಿದರೆ ಯಾರೂ ಕೇಳುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತಲ್ಲ, ಆಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ರಟ್ಟು ಮಾಯವಾಗಿ 'ಓನ್ಲಿ ಕ್ಯಾಶ್' ಬಂದು ಕೂತಿತು. ನಮ್ಮ ಜನಕ್ಕೆ ಅದೂ ಒಂದು ದಾರಿಯಾಯಿತು: "ಕ್ಯಾಶ್ ಕೊಟ್ರೆ ಎಷ್ಟು ಬಿಡ್ತೀರಾ?"

ಮತ್ತೆ ಆ ಹುಡುಗಿಗೆ ಬರುತ್ತೇನೆ. ಅವಳು ನಿಂತೇ ಇದ್ದಳು. ಸೀರೆ ಅಂಗಡಿಯಲ್ಲಿ ಸ್ಟೂಲುಗಳಿರುತ್ತವೆ, ಗಿರಾಕಿಗೆ. ಮೆತ್ತೆ ಇರುತ್ತದೆ, ಗಿರಾಕಿಗೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ನಮ್ಮ ಅಂಗಡಿ ಕಾಯ್ದೆ ಹೇಳುತ್ತದೆ, ಸರಿ. ಆದರೆ ಆ ಗಂಟೆಗಳು ಎರಡು ಕಾಲುಗಳ ಮೇಲೆ ಹೋಗುತ್ತವೆ. ಕೇರಳದಲ್ಲಿ ಕೂರುವುದಕ್ಕೇ ಹೋರಾಟ ನಡೆಯಿತು. ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಅಂಗಡಿ ಹೆಂಗಸರನ್ನು ಸಂಘಟಿಸಿದ ಪಿ. ವಿಜಿ ಸ್ವತಃ ಹೊಲಿಗೆ ಕೆಲಸದವರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕುರ್ಚಿಗಾಗಿ ಜಗಳ. ತ್ರಿಶೂರಿನಲ್ಲಿ ಜವಳಿ ಅಂಗಡಿಯ ಹೆಂಗಸರು 2014ರ ಕೊನೆಯಲ್ಲಿ ಧರಣಿಗೆ ಕೂತರು. ಅಂಗಡಿಯೊಳಗೆ ಕೂರಲಾಗದವರು ಅಂಗಡಿಯ ಹೊರಗೆ ಕೂತರು. 2018ರಲ್ಲಿ ಕೇರಳದ ಕಾನೂನು ಬದಲಾಯಿತು. 2021ರಲ್ಲಿ ತಮಿಳುನಾಡೂ ಅದೇ ಹಾದಿ ಹಿಡಿಯಿತು.

ತಮಾಷೆ ಏನೆಂದರೆ, ಅವಳು ಮಾರುವ ಬಟ್ಟೆ ತಯಾರಾಗುವ ಜಾಗದಲ್ಲಿ ಈ ಯೋಚನೆ ಹಳೆಯದು. ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಏರ್ಪಾಡಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಬರೆದಿತ್ತು ಅಷ್ಟೇ, ಎನ್ನುವವರೂ ಇದ್ದಾರೆ. ಬೊಮ್ಮನಹಳ್ಳಿ, ಹೊಂಗಸಂದ್ರದ ಕಡೆ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿ: ಡಬ್ಬಿ ಚೀಲ ಹಿಡಿದು, ಗೇಟು ಮುಚ್ಚುವ ಮೊದಲು ಸೇರಬೇಕೆಂದು ಓಡುವ ಹೆಂಗಸರು.

ಇವರು ಒಮ್ಮೆ ಚೌಕಾಸಿಗೆ ಇಳಿದಿದ್ದರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ದುಡ್ಡನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟಿನಲ್ಲಿ 58ರ ತನಕ ಯಾರ ಕಣ್ಣು, ಯಾರ ಸೊಂಟ ಉಳಿಯುತ್ತದೆ? ಮಗಳ ಮದುವೆ, ಮಗನ ಫೀಸು, ಊರಿನ ಸಾಲ ಎಲ್ಲಕ್ಕೂ ಇರುವುದು ಅದೊಂದೇ ಗಂಟು. ಏಪ್ರಿಲ್ 18ರ ಬೆಳಿಗ್ಗೆ ಬೊಮ್ಮನಹಳ್ಳಿಯಲ್ಲಿ ಮೆಷಿನ್ ಬಿಟ್ಟು ರಸ್ತೆಗೆ ಬಂದರು. ಮುಂದಾಳು ಇಂಥವರೆಂದು ಯಾರಿಗೂ ಗೊತ್ತಿರಲಿಲ್ಲ, ಮಾತಾಡಿಸಬೇಕೆಂದರೆ ಯಾರನ್ನು ಎಂದು ಪೊಲೀಸರಿಗೂ ತಿಳಿಯಲಿಲ್ಲ. ಹೊಸೂರು ರಸ್ತೆ ನಿಂತಿತು. ಎಲೆಕ್ಟ್ರಾನಿಕ್ ಸಿಟಿಗೆ ಹೊರಟ ಬಸ್ಸುಗಳೊಳಗೆ ಟ್ಯಾಗಿನವರು ಇದೇನಪ್ಪಾ ಎಂದು ಕಿಟಕಿಯಿಂದ ಇಣುಕಿದರು. ಮಾರನೆಯ ದಿನ ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲ ಆಯಿತು. ದೆಹಲಿ ಮೊದಲು ಜುಲೈ 31ರ ತನಕ ಮುಂದೂಡುತ್ತೇವೆ ಎಂದಿತು. ಗಿಟ್ಟಲ್ಲ ಎಂದರು ಇವರು. ಅಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನೇ ವಾಪಸ್ ತೆಗೆದುಕೊಂಡರು.

ಪಿಎಫ್‌ನ ಲಾಭ ನಿಮ್ಮ ಸಾಫ್ಟ್‌ವೇರ್ ಮಂದಿಗೂ ಸಿಕ್ಕಿತಲ್ಲ ಎಂದು ಟ್ಯಾಗಿನ ಗೆಳೆಯರೊಬ್ಬರನ್ನು ಕೆಣಕಿದ್ದೆ. "ಟ್ರಾಫಿಕ್ ಮಾತ್ರ ಸಿಕ್ಕಾಪಟ್ಟೆ ಇತ್ತು ಕಣ್ರೀ ಅವತ್ತು" ಅಂದರು.

ನಮ್ಮ ಬೀದಿಯ ತಿರುವಿನಲ್ಲಿ ಸಂಜೆ ಸೊಪ್ಪು ಹರವಿಕೊಂಡು ಕೂರುವಾಕೆ ಅದೇ ಗಾರ್ಮೆಂಟಿನಿಂದ ಬಂದವರು. ಮಂಡಿ ನೋವೆಂದು ಬಿಟ್ಟರಂತೆ. ಆ ಪಿಎಫ್ ದುಡ್ಡಿನಲ್ಲೇ ತಳ್ಳುಗಾಡಿ ಕೊಂಡರಂತೆ, ಗಾಡಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ. ಅವತ್ತು ರಸ್ತೆಗೆ ಇಳಿದಿದ್ರಾ ಎಂದೆ.

"ಇಳೀದೆ ಇರ್ತೀವಾ? ಓಡಿ ಓಡಿ ಒಂದು ಚಪ್ಪಲಿ ಹೋಯ್ತು. ನಿಮಗೆ ಮೆಂತ್ಯ ಬೇಕಾ, ಸಬ್ಬಸಿಗೆನಾ? ಕಟ್ಟು ಹದಿನೈದು. ಎರಡು ತಗೊಂಡ್ರೆ ಇಪ್ಪತ್ತೆಂಟು."

ಇಪ್ಪತ್ತೈದಕ್ಕೆ ಕೇಳಿದೆ. ಸಬ್ಬಸಿಗೆಯ ಮೇಲೆ ನೀರು ಚಿಮುಕಿಸುತ್ತ, ಆಗಲ್ಲ ಅಂದರು.